‘ವೇಸರ’ ಎಂಬ ಹೆಸರಿನ ಮೂಲ ಯಾವುದು?

ಪ್ರಶ್ನೆ | ಕಲಿಕೆಯಹಾದಿ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿ. ಉತ್ತರದ ದೇವಾಲಯಗಳದು ನಾಗರ ಶೈಲಿ, ದಕ್ಷಿಣದವುಗಳದು ದ್ರಾವಿಡ ಶೈಲಿ, ಇವೆರಡೂ ಬೆರೆತು ಕರ್ನಾಟಕದಲ್ಲಿ ಹುಟ್ಟಿದ್ದು ವೇಸರ ಶೈಲಿ ಎಂದು ನಾವೆಲ್ಲ ಓದಿಕೊಂಡು ಬಂದಿದ್ದೇವೆ, ಮಕ್ಕಳಿಗೂ ಹಾಗೆಯೇ ಹೇಳಿಕೊಡುತ್ತಿದ್ದೇವೆ. ಈ ಬಾರಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು, ನಾಗರ ಎಂಬುದು ನಗರದಿಂದ ಬಂದಿರಬೇಕು, ದ್ರಾವಿಡ ಎಂಬುದು ದೇಶದ ಹೆಸರು, ಹಾಗಾದರೆ ವೇಸರ ಎಂದರೆ ಏನು ಎಂದು ಕೇಳಿದಳು. ಸಂಸ್ಕೃತದಲ್ಲಿ ಆ ಪದಕ್ಕೆ ಹೇಸರಗತ್ತೆ ಎಂಬ ಅರ್ಥವಿದೆ, ಎರಡು ಜಾತಿಗಳು ಕೂಡಿ ಹುಟ್ಟುವ ಪ್ರಾಣಿಯಾದ್ದರಿಂದ ಮಿಶ್ರ ಶೈಲಿಗೆ ಆ ಹೆಸರು ಬಂತು ಎಂಬ ವಿವರಣೆ ಒಂದು ಕಡೆ ಸಿಕ್ಕಿತು. ಆದರೆ ತಾವು ಭಕ್ತಿಯಿಂದ ಕಟ್ಟಿದ ದೇವಾಲಯಕ್ಕೆ ಶಿಲ್ಪಿಗಳು ಅಂಥ ಹೆಸರನ್ನು ಇಟ್ಟಿರಬಹುದೇ ಎಂಬ ಸಂಶಯ ನನ್ನನ್ನು ಬಿಟ್ಟಿಲ್ಲ.

ಈ ಹೆಸರು ಪ್ರಾಚೀನ ಗ್ರಂಥಗಳಲ್ಲಿ ಇದೆಯೇ, ಅಲ್ಲಿ ಅದಕ್ಕೆ ಇದೇ ಅರ್ಥವಿದೆಯೇ, ದೇವಾಲಯಗಳನ್ನು ಕಟ್ಟಿದವರೇ ಇದನ್ನು ಬಳಸುತ್ತಿದ್ದರೇ ಅಥವಾ ಮುಂದೆ ವಿದ್ವಾಂಸರು ತಂದು ಅಂಟಿಸಿದರೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು. ಹೊಯ್ಸಳ ದೇವಾಲಯಗಳನ್ನು ವೇಸರ ಎನ್ನಬಹುದೇ ಎಂಬುದೂ ಸ್ಪಷ್ಟವಾದರೆ ಉಪಕಾರವಾಗುತ್ತದೆ.

ಉತ್ತರ | ಶಾಸನಪ್ರಿಯ

ನಿಮ್ಮ ವಿದ್ಯಾರ್ಥಿನಿ ಬಹಳ ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದಾಳೆ, ಮೇಡಂ. ವೇಸರ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಕಾಲದ, ಬೇರೆ ಬೇರೆ ಜನರ ಮೂರು ಅರ್ಥಗಳು ಸೇರಿಕೊಂಡಿವೆ. ಪಠ್ಯಪುಸ್ತಕದಲ್ಲಿ ನಾವು ಓದುವುದು ಅವುಗಳಲ್ಲಿ ಕೊನೆಯದನ್ನು.

ಮೊದಲನೆಯದು ದಕ್ಷಿಣದ ಶಿಲ್ಪಗ್ರಂಥಗಳ ಅರ್ಥ. ಮಯಮತ, ಮಾನಸಾರ ಮುಂತಾದವು ನಾಗರ, ದ್ರಾವಿಡ, ವೇಸರ ಎಂಬ ಮೂರನ್ನೂ ಹೇಳುತ್ತವೆ, ಆದರೆ ಅಲ್ಲಿ ಅವು ಮುಖ್ಯವಾಗಿ ಆಕಾರದ ಹೆಸರುಗಳು. ಚೌಕವಾದದ್ದು ನಾಗರ, ಎಂಟು ಅಥವಾ ಆರು ಮೂಲೆಗಳದ್ದು ದ್ರಾವಿಡ, ದುಂಡಗಿರುವುದು ವೇಸರ. ವಿಮಾನದ, ಅಂದರೆ ಗರ್ಭಗುಡಿಯೂ ಅದರ ಮೇಲಿನ ಗೋಪುರವೂ ಸೇರಿದ ಕಟ್ಟಡದ, ತುದಿಯಲ್ಲಿ ಗ್ರೀವ, ಅಂದರೆ ಕತ್ತಿನ ಭಾಗ, ಅದರ ಮೇಲೆ ಗುಮ್ಮಟದಂತೆ ಕೂರುವ ಶಿಖರ, ಅದರ ಮೇಲೆ ಕಳಶದಂಥ ಸ್ತೂಪಿ ಇರುತ್ತವಲ್ಲವೇ, ಆ ಕತ್ತಿನಿಂದ ಮೇಲಿನ ಭಾಗ ಯಾವ ಆಕಾರದಲ್ಲಿದೆ ಎಂಬುದರ ಮೇಲೆ ಕಟ್ಟಡದ ಜಾತಿ ನಿರ್ಧಾರವಾಗುತ್ತದೆ. ಈ ಲೆಕ್ಕ ಹಿಡಿದು ಮಾಮಲ್ಲಪುರದ ರಥಗಳ ಮುಂದೆ ನಿಂತರೆ, ಏಳನೆಯ ಶತಮಾನದ ಆ ಒಂದೇ ಆವರಣದೊಳಗೆ ಮೂರು ಜಾತಿಗಳೂ ಸಿಗುತ್ತವೆ. ಚೌಕ ಮಾಡಿನ ದ್ರೌಪದಿ ರಥ ನಾಗರವಾಗುತ್ತದೆ, ಎಂಟು ಮೂಲೆಯ ಶಿಖರವುಳ್ಳ ಧರ್ಮರಾಜ ರಥ ದ್ರಾವಿಡವಾಗುತ್ತದೆ, ಆನೆಯ ಬೆನ್ನಿನಂತೆ ಹಿಂಬದಿ ದುಂಡಾಗಿರುವ ಸಹದೇವ ರಥ ವೇಸರಕ್ಕೆ ಸೇರುತ್ತದೆ. ಇವೆಲ್ಲವೂ ಪಲ್ಲವರು ತಮಿಳು ನಾಡಿನಲ್ಲಿ ಕಡೆಸಿದವು. ಉತ್ತರ, ದಕ್ಷಿಣ, ನಡುನಾಡು ಎಂಬ ವಿಂಗಡಣೆಗೂ ಇದಕ್ಕೂ ಸಂಬಂಧವೇ ಇಲ್ಲ, ಮಿಶ್ರಣದ ಮಾತಂತೂ ಬರುವುದೇ ಇಲ್ಲ.

ಎರಡನೆಯದು ಪ್ರದೇಶದ ಅರ್ಥ. ಹಿಮಾಲಯದಿಂದ ವಿಂಧ್ಯದವರೆಗೆ ನಾಗರ, ಅಲ್ಲಿಂದ ಕೃಷ್ಣಾ ನದಿಯವರೆಗೆ ವೇಸರ, ಅದರಿಂದ ತೆಂಕಣಕ್ಕೆ ದ್ರಾವಿಡ ಎಂಬ ಹಂಚಿಕೆ ಆಗಮಗಳ ಪರಂಪರೆಯಲ್ಲಿ ಬರುತ್ತದೆ. ಇದನ್ನು ಅಕ್ಷರಶಃ ಹಿಡಿದರೆ ಮಲಪ್ರಭೆಯ ದಡದ ಪಟ್ಟದಕಲ್ಲಿನಲ್ಲೇ ಅದು ನಿಲ್ಲುವುದಿಲ್ಲ. ಅಲ್ಲಿ ಗಳಗನಾಥ, ಜಂಬುಲಿಂಗ, ಕಾಶಿವಿಶ್ವನಾಥ ದೇವಾಲಯಗಳ ನಾಗರ ಶಿಖರಗಳೂ (ನಾಗರದಲ್ಲಿ ಶಿಖರ ಎಂದರೆ ಇಡೀ ಗೋಪುರ), ವಿರೂಪಾಕ್ಷ, ಮಲ್ಲಿಕಾರ್ಜುನ, ಸಂಗಮೇಶ್ವರ ದೇವಾಲಯಗಳ ದ್ರಾವಿಡ ವಿಮಾನಗಳೂ ಕೂಗಳತೆಯ ದೂರದಲ್ಲಿ ನಿಂತಿವೆ.

ಮೂರನೆಯದು ಆಧುನಿಕ ಅರ್ಥ. ಜೇಮ್ಸ್ ಫರ್ಗ್ಯುಸನ್ 1876ರಲ್ಲಿ ಭಾರತದ ವಾಸ್ತುಶಿಲ್ಪದ ಚರಿತ್ರೆಯನ್ನು ಬರೆದಾಗ ಹಿಂದೂ ದೇವಾಲಯಗಳನ್ನು ದ್ರಾವಿಡ, ಚಾಲುಕ್ಯ, ಉತ್ತರದ ಇಂಡೋ-ಆರ್ಯನ್ ಎಂದು ವಿಂಗಡಿಸಿದರು. ನಮ್ಮ ನಾಡಿನ ದೇವಾಲಯಗಳಿಗೆ ಚಾಲುಕ್ಯ ಶೈಲಿ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. ಮುಂದೆ ಶಿಲ್ಪಗ್ರಂಥಗಳ ಅಧ್ಯಯನ ಬೆಳೆದಂತೆ, ಗ್ರಂಥದಲ್ಲಿ ಮೂರು ಹೆಸರುಗಳಿವೆ, ನೆಲದ ಮೇಲೆ ಮೂರು ಶೈಲಿಗಳಿವೆ, ಆದ್ದರಿಂದ ಇವು ಒಂದಕ್ಕೊಂದು ಹೊಂದಲೇಬೇಕು ಎಂಬ ತರ್ಕ ಬಲವಾಯಿತು. ಇಂಡೋ-ಆರ್ಯನ್ ಎಂಬುದು ನಾಗರವಾಯಿತು, ದ್ರಾವಿಡ ದ್ರಾವಿಡವಾಗಿಯೇ ಉಳಿಯಿತು, ಚಾಲುಕ್ಯ ಶೈಲಿಯ ಪಾಲಿಗೆ ವೇಸರ ಎಂಬ ಹೆಸರು ಬಂತು. ಹೇಸರಗತ್ತೆಯ ವ್ಯುತ್ಪತ್ತಿ ಈ ಹೊಂದಾಣಿಕೆಗೆ ಅನುಕೂಲವಾಗಿ ಒದಗಿತು. ವೇಸರ ಎಂಬ ಸಂಸ್ಕೃತ ಪದಕ್ಕೆ ಆ ಅರ್ಥವಿರುವುದು ನಿಜ, ನಮ್ಮ ಹೇಸರಗತ್ತೆಯ ಹೇಸರ ಅದರದೇ ತದ್ಭವ. ಆದರೆ ದುಂಡಾದ ಆಕಾರವನ್ನು ವೇಸರ ಎಂದು ಕರೆದ ಗ್ರಂಥಕಾರರ ಮನಸ್ಸಿನಲ್ಲಿ ಆ ಪ್ರಾಣಿ ಇತ್ತು ಎನ್ನಲು ಯಾವ ಆಧಾರವೂ ಕಾಣುವುದಿಲ್ಲ. ದುಂಡಗಿನ ಮೂಗುತಿಗೆ ಇರುವ ಬೇಸರ್ ಎಂಬ ಹೆಸರಿನೊಂದಿಗೆ ಇದನ್ನು ಕೂಡಿಸಿದವರಿದ್ದಾರೆ. ಎರಡು ಮೂಲೆಗಳು ಮಾತ್ರ ಇರುವ ಗಜಪೃಷ್ಠ ಆಕಾರವನ್ನು ಹೇಳುವ ದ್ವ್ಯಸ್ರ ಎಂಬ ಪದ ಪ್ರಾಕೃತದ ಬಾಯಲ್ಲಿ ಸವೆದು ವೇಸರವಾಯಿತು ಎಂದವರೂ ಇದ್ದಾರೆ. ನನಗೆ ಈ ಕೊನೆಯದು ಹೆಚ್ಚು ಸಮಂಜಸವೆನಿಸುತ್ತದೆ, ಏಕೆಂದರೆ ಗ್ರಂಥಗಳು ಹೇಳುವ ದುಂಡು ಆಕಾರಕ್ಕೆ ಅದು ನೇರವಾಗಿ ಹೊಂದುತ್ತದೆ.

ಇನ್ನೊಂದು ಮಾತು. ಮಿಶ್ರಣವನ್ನೇ ಹೇಳಬೇಕೆಂದಿದ್ದರೆ ಶಿಲ್ಪಶಾಸ್ತ್ರಕ್ಕೆ ಪದದ ಬರವಿರಲಿಲ್ಲ. ಪಶ್ಚಿಮ ಭಾರತದ ಶಿಲ್ಪಗ್ರಂಥವಾದ ಅಪರಾಜಿತಪೃಚ್ಛಾ ತನ್ನ ಪ್ರಾಸಾದಜಾತಿಗಳ, ಅಂದರೆ ದೇವಾಲಯದ ಬಗೆಗಳ, ಪಟ್ಟಿಯಲ್ಲಿ ಮಿಶ್ರಕ ಎಂಬುದನ್ನೇ ಬೇರೆಯಾಗಿ ಹೇಳುತ್ತದೆ.

ಉತ್ತರ | ತುಂಗಾತೀರ

ಶಾಸನಪ್ರಿಯರ ವಿವರಣೆಯ ಬಹುಭಾಗವನ್ನು ಒಪ್ಪುತ್ತೇನೆ. ಆದರೆ ವೇಸರ ಎಂಬ ಹೆಸರನ್ನು ವಿದ್ವಾಂಸರೇ ತಂದು ನಮ್ಮ ದೇವಾಲಯಗಳ ಮೇಲೆ ಹಾಕಿದರು ಎಂಬ ಭಾವನೆ ಓದುಗರಲ್ಲಿ ಉಳಿಯಬಾರದು. ಕನ್ನಡ ನಾಡಿನ ಶಿಲ್ಪಿಗಳಿಗೆ ಈ ಪದ ಚೆನ್ನಾಗಿ ಗೊತ್ತಿತ್ತು. ಹೂವಿನಹಡಗಲಿ ತಾಲ್ಲೂಕಿನ ಹೊಳಲಿನ ಶಾಸನವೊಂದು ಸೋಗೆಯ ಪದೋಜನ ಶಿಷ್ಯನಾದ ಬಮ್ಮೋಜ ಎಂಬ ಶಿಲ್ಪಿಯನ್ನು ಕಲಿಯುಗದ ವಿಶ್ವಕರ್ಮನೆಂದು ಹೊಗಳುತ್ತದೆ. ಅವನು ಅರುವತ್ತನಾಲ್ಕು ಬಗೆಯ ಪ್ರಾಸಾದಗಳನ್ನು ಕಟ್ಟಬಲ್ಲ ನಿಪುಣನೆಂದೂ ನಾಗರ, ಕಳಿಂಗ, ದ್ರಾವಿಡ, ವೇಸರ ಎಂಬ ನಾಲ್ಕು ಜಾತಿಗಳಲ್ಲಿ ಕುಶಲನೆಂದೂ ಹೇಳುತ್ತದೆ. ಇದು ದೂರದ ಯಾವುದೋ ಗ್ರಂಥದ ಶ್ಲೋಕವಲ್ಲ. ಶಿಲ್ಪಿಯ ಹೆಸರು, ಅವನ ಗುರುವಿನ ಹೆಸರು, ಊರು ಎಲ್ಲವೂ ಇರುವ ಕನ್ನಡ ನೆಲದ ದಾಖಲೆ.

ಆ ಪಟ್ಟಿಯಲ್ಲಿರುವುದು ಮೂರಲ್ಲ, ನಾಲ್ಕು ಎಂಬುದನ್ನೂ ಗಮನಿಸಬೇಕು. ಕಳಿಂಗ ಮತ್ತು ದ್ರಾವಿಡ ದೇಶದ ಹೆಸರುಗಳು. ಅವುಗಳ ಪಕ್ಕದಲ್ಲಿ ವೇಸರ ಬಂದಾಗ ಅದು ಬರಿಯ ದುಂಡು ಆಕಾರವನ್ನು ಸೂಚಿಸುತ್ತಿತ್ತೆಂದು ನಂಬುವುದು ಕಷ್ಟ. ಒಂದು ಕಟ್ಟುವ ಪದ್ಧತಿಯ ಹೆಸರಾಗಿಯೇ ಅದು ಬಂದಿರಬೇಕು. ಹಾಗಿದ್ದರೆ ಬಮ್ಮೋಜನ ಕಾಲಕ್ಕೆ ಈ ನಾಡಿನಲ್ಲಿ ಎದ್ದು ಕಾಣುತ್ತಿದ್ದ, ನಾಗರವೂ ಅಲ್ಲದ, ತಮಿಳು ನಾಡಿನ ದ್ರಾವಿಡವೂ ಅಲ್ಲದ ಪದ್ಧತಿ ಯಾವುದು? ಕಲ್ಯಾಣದ ಚಾಲುಕ್ಯರ ಕಾಲದ ಲಕ್ಕುಂಡಿ, ಇಟಗಿ, ಡಂಬಳಗಳ ದೇವಾಲಯಗಳ ಪದ್ಧತಿಯನ್ನು ಬಿಟ್ಟರೆ ಬೇರೆ ಉತ್ತರ ನನಗೆ ತೋರುವುದಿಲ್ಲ. ದೇವಾಲಯ ವಾಸ್ತುವಿನ ವಿದ್ವಾಂಸ ಎಂ. ಎ. ಢಾಕಿಯವರು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕರ್ನಾಟಕದ ಶಾಸನಗಳಲ್ಲಿ ಬರುವ ಇಂಥ ಹೆಸರುಗಳನ್ನು ನಿಂತಿರುವ ಕಟ್ಟಡಗಳೊಂದಿಗೆ ತಾಳೆ ನೋಡಿದ ಮೇಲೆ, ಈ ಚರ್ಚೆ ಗ್ರಂಥಗಳಿಂದ ಕಲ್ಲಿನ ಕಡೆಗೆ ತಿರುಗಿತು. ಆಸಕ್ತರು ಅದನ್ನು ಹುಡುಕಿ ಓದಲೇಬೇಕು.

ಶಿಲ್ಪಿಗಳಿಗೆ ತಾವು ಯಾವ ಪರಂಪರೆಯವರು ಎಂಬ ಅರಿವು ಇದಕ್ಕೂ ಬಹಳ ಹಿಂದೆಯೇ ಇತ್ತು. ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನ ಶಿಲ್ಪಿ ಸರ್ವಸಿದ್ಧಿ ಆಚಾರಿಯನ್ನು ‘ತೆಂಕಣ ದಿಶೆಯ ಸೂತ್ರಧಾರಿ’ ಎಂದು ಕರೆದಿದೆ. ದಿಕ್ಕಿನ ಹೆಸರು ಹಿಡಿದು ಕಸುಬನ್ನು ಗುರುತಿಸುವ ರೂಢಿ ಆಗಲೇ ಇದ್ದಿತು.

ಉತ್ತರ | ಬಳಪದಕಲ್ಲು

ಹೆಸರಿನ ಚರ್ಚೆಗೆ ಕಟ್ಟಡದ ಕಡೆಯಿಂದ ಒಂದು ಮಾತನ್ನು ಸೇರಿಸಬೇಕೆನಿಸಿತು. ಮಿಶ್ರ ಶೈಲಿ ಎಂಬ ವಿವರಣೆ ತಪ್ಪು ದಾರಿಗೆ ಎಳೆಯುವುದು ನಿಜವಾಗಿ ಇಲ್ಲಿ. ಉತ್ತರದ ಶಿಖರವನ್ನೂ ದಕ್ಷಿಣದ ಗೋಡೆಯನ್ನೂ ತಂದು ಜೋಡಿಸಿದರೆ ಏನಾಗುತ್ತದೆ ಎಂಬುದನ್ನು ನೋಡಬೇಕಾದರೆ ಪಟ್ಟದಕಲ್ಲಿನ ಪಾಪನಾಥ ದೇವಾಲಯಕ್ಕೆ ಹೋಗಬೇಕು. ಅಲ್ಲಿ ಗರ್ಭಗುಡಿಯ ಮೇಲೆ ನಾಗರ ಶಿಖರವಿದೆ, ಗೋಡೆಯ ಮೇಲಂಚಿನಲ್ಲಿ ದ್ರಾವಿಡ ಪದ್ಧತಿಯ ಕೂಟ, ಶಾಲೆ ಎಂಬ ಕಿರು ಗುಡಿಗಳ ಸಾಲಿದೆ. ಎರಡೂ ತಮ್ಮ ತಮ್ಮ ಗುರುತನ್ನು ಉಳಿಸಿಕೊಂಡು ಒಂದೇ ಕಟ್ಟಡದಲ್ಲಿ ಸೇರಿವೆ. ಐಹೊಳೆಯ ದುರ್ಗಾ ದೇವಾಲಯವೂ ಹೀಗೆಯೇ. ತಲವಿನ್ಯಾಸ ಗಜಪೃಷ್ಠ, ಮೇಲಿರುವುದು ನಾಗರ ಶಿಖರ, ಅಂದರೆ ದಕ್ಷಿಣದ ಗ್ರಂಥಗಳ ಲೆಕ್ಕದಲ್ಲಿ ಬುಡ ವೇಸರ, ಇಂದಿನ ಲೆಕ್ಕದಲ್ಲಿ ತುದಿ ನಾಗರ. (ಅದರ ಹೆಸರು ಕೂಡ ದೇವಿಯಿಂದ ಬಂದದ್ದಲ್ಲ. ಕೋಟೆಯ ಭಾಗವಾಗಿದ್ದ ಕಾರಣ ದುರ್ಗದ ಗುಡಿ ಎನಿಸಿತು.) ಇವುಗಳನ್ನು ಮಿಶ್ರ ಎಂದರೆ ಯಾರೂ ಆಕ್ಷೇಪಿಸಲಾರರು. ಆದರೆ ಇಂದಿನ ವಿದ್ವಾಂಸರು ವೇಸರ ಎಂದಾಗ ಸಾಮಾನ್ಯವಾಗಿ ಹೇಳುವುದು ಇವುಗಳನ್ನಲ್ಲ, ಇವುಗಳಿಗಿಂತ ಸುಮಾರು ಮುನ್ನೂರು ವರ್ಷಗಳ ನಂತರ ಬಂದ ಕಲ್ಯಾಣದ ಚಾಲುಕ್ಯರ ಕಾಲದ ದೇವಾಲಯಗಳನ್ನು.

ಆ ದೇವಾಲಯಗಳಲ್ಲಿ ಆಗಿರುವುದು ಜೋಡಣೆಯಲ್ಲ, ಬೆಳವಣಿಗೆ. ದ್ರಾವಿಡ ವಿಮಾನದಲ್ಲಿ ಒಂದರ ಮೇಲೊಂದು ತಲಗಳು, ಅಂದರೆ ಅಂತಸ್ತುಗಳು, ಇದ್ದು, ಪ್ರತಿ ತಲದ ಅಂಚಿನಲ್ಲಿ ಮೂಲೆಗೆ ಚೌಕದ ಕೂಟ, ನಡುವೆ ಉದ್ದನೆಯ ಶಾಲೆ, ಅವುಗಳ ಮಧ್ಯೆ ಪಂಜರ ಎಂಬ ಕಿರು ಗುಡಿಗಳ ಸಾಲು ಇರುತ್ತದೆ. ವಿರೂಪಾಕ್ಷದಲ್ಲಿ ಈ ತಲಗಳನ್ನು ದೂರದಿಂದಲೇ ಎಣಿಸಬಹುದು. ಹನ್ನೊಂದನೆಯ ಶತಮಾನಕ್ಕೆ ಬರುವಾಗ ಗೋಡೆಯ ಮುಂಚಾಚುಗಳು ಹೆಚ್ಚುತ್ತವೆ, ಒಂದೊಂದು ಚಾಚೂ ಮತ್ತೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ, ತಲಗಳ ಎತ್ತರ ಕುಗ್ಗಿ ಅವು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಆಗ ಅಧಿಷ್ಠಾನದಿಂದ, ಅಂದರೆ ಬುಡದ ಪೀಠದಿಂದ, ತುದಿಯವರೆಗೆ ಒಂದೇ ಸಮನೆ ಏರಿಹೋಗುವ ನೇರ ಪಟ್ಟಿಗಳು ಕಣ್ಣಿಗೆ ಕಾಣತೊಡಗುತ್ತವೆ. ಅಡ್ಡ ಸಾಲುಗಳ ಕಟ್ಟಡ ನಿಲುವು ಸಾಲುಗಳ ಕಟ್ಟಡವಾಗುವ ಈ ಬದಲಾವಣೆಯ ಹಿಂದೆ ನಾಗರ ಶಿಖರದ ಪರಿಚಯ ಇದ್ದಿರಬೇಕು. ಅಂಥ ಶಿಖರಗಳನ್ನು ಬಾದಾಮಿಯ ಕಾಲದಿಂದಲೂ ಇಲ್ಲಿನವರೇ ಕಟ್ಟುತ್ತ ಬಂದಿದ್ದರು. ಲಕ್ಕುಂಡಿಯ ಕಾಶಿವಿಶ್ವನಾಥ ದೇವಾಲಯದ ಹೊರಗೋಡೆಯಲ್ಲಿ ಅರೆಗಂಬಗಳ ಮೇಲೆ ಕಿರು ಗೋಪುರಗಳನ್ನು ಕಡೆದಿರುವುದನ್ನು ನೋಡಿದರೆ, ಬೇರೆ ಪ್ರಾಂತ್ಯಗಳ ಶಿಖರಗಳ ರೂಪ ಇವರಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು ಎಂಬುದು ತಿಳಿಯುತ್ತದೆ. ಆದರೂ ಅವರು ನಾಗರದ ಭಾಗಗಳನ್ನು ತಂದು ಮುಖ್ಯ ವಿಮಾನಕ್ಕೆ ಅಂಟಿಸಲಿಲ್ಲ. ತಮ್ಮ ಕೂಟ, ಶಾಲೆ, ಪಂಜರಗಳಿಂದಲೇ ಆ ಏರಿಕೆಯನ್ನು ಸಾಧಿಸಿದರು.

ಇದಕ್ಕೆ ಕಲ್ಲೂ ಕಾರಣ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳದು ಮರಳುಗಲ್ಲು, ದೊಡ್ಡ ದೊಡ್ಡ ಬಂಡೆಗಳ ಕೆಲಸ. ಮುಂದಿನವರು ಹಿಡಿದದ್ದು ಬಳಪದ ಕಲ್ಲನ್ನು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಕ್ರಮೇಣ ಗಟ್ಟಿಯಾಗುವ ಈ ಕಲ್ಲು ಸಣ್ಣ ಉಳಿಗೆ ಒದಗುತ್ತದೆ. ಅಣ್ಣಿಗೇರಿಯ ಅಮೃತೇಶ್ವರ ಈ ಕಲ್ಲಿನಲ್ಲಿ ಕಟ್ಟಿದ ಮೊದಲ ದೇವಾಲಯಗಳಲ್ಲಿ ಒಂದು. ಡಂಬಳದ ದೊಡ್ಡಬಸಪ್ಪ ದೇವಾಲಯದಲ್ಲಿ ಈ ದಾರಿ ತನ್ನ ಕೊನೆಯನ್ನು ಮುಟ್ಟುತ್ತದೆ. ಒಂದು ಚೌಕವನ್ನು ಅದರ ಕೇಂದ್ರದ ಸುತ್ತ ಹದಿನೈದು ಡಿಗ್ರಿಯಂತೆ ತಿರುಗಿಸುತ್ತ ಆರು ಬಾರಿ ಇಟ್ಟರೆ ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರ ಸಿಗುತ್ತದೆ. ಅಲ್ಲಿನ ಗರ್ಭಗುಡಿಯ ಹೊರಮೈ ಇರುವುದು ಹಾಗೆ, ಮೇಲಿನ ವಿಮಾನವೂ ಅದೇ ಮೂಲೆಗಳನ್ನು ಹಿಡಿದು ಏರುತ್ತದೆ. ಇಂಥ ಕಟ್ಟಡವನ್ನು ಎರಡರ ಬೆರಕೆ ಎಂದು ಒಂದು ಮಾತಿನಲ್ಲಿ ಮುಗಿಸಿಬಿಡುವುದು ಆ ಶಿಲ್ಪಿಗಳ ಬುದ್ಧಿಗೆ ಮಾಡುವ ಅನ್ಯಾಯ ಎಂದು ನಾನು ದೃಢವಾಗಿ ನಂಬಿದ್ದೇನೆ. ದೇವಾಲಯ ವಾಸ್ತುವಿನ ವಿದ್ವಾಂಸ ಆಡಮ್ ಹಾರ್ಡಿ ಅವರು ಏಳರಿಂದ ಹದಿಮೂರನೆಯ ಶತಮಾನದವರೆಗಿನ ಈ ಇಡೀ ಬೆಳವಣಿಗೆಯನ್ನು ‘ಕರ್ಣಾಟ ದ್ರಾವಿಡ’ ಎಂದು ಕರೆದದ್ದು ನನಗೆ ಇದೇ ಕಾರಣಕ್ಕೆ ಹಿಡಿಸಿತು. ಮೂಲ ವ್ಯಾಕರಣ ದ್ರಾವಿಡದ್ದು, ಅದರಲ್ಲಿ ಬರೆದ ಕಾವ್ಯ ಕರ್ಣಾಟದ್ದು.

ಪ್ರತಿಕ್ರಿಯೆ | ಕಲಿಕೆಯಹಾದಿ

ಇಷ್ಟು ಆಸ್ಥೆಯಿಂದ ಬರೆದ ಮೂವರಿಗೂ ಕೃತಜ್ಞತೆಗಳು. ಈಗ ನನ್ನ ತೊಂದರೆ ಬೇರೆ ರೀತಿಯದು. ಪರೀಕ್ಷೆಯಲ್ಲಿ ವೇಸರ ಎಂದರೆ ನಾಗರ ಮತ್ತು ದ್ರಾವಿಡಗಳ ಮಿಶ್ರಣ ಎಂದು ಬರೆದರೆ ಅಂಕ ಸಿಗುತ್ತದೆ. ಮಕ್ಕಳಿಗೆ ಆ ಉತ್ತರವನ್ನು ತಪ್ಪಿಸುವಂತಿಲ್ಲ, ಅದಷ್ಟನ್ನೇ ಹೇಳಿ ಸುಮ್ಮನಿರುವುದಕ್ಕೂ ಈಗ ಮನಸ್ಸು ಒಪ್ಪುವುದಿಲ್ಲ. ಎರಡು ಮೂರು ವಾಕ್ಯಗಳಲ್ಲಿ ಸತ್ಯಕ್ಕೆ ದೂರವಾಗದಂತೆ ಹೇಗೆ ಹೇಳಬಹುದು? ಹೊಯ್ಸಳರ ವಿಷಯವೂ ಉಳಿದೇ ಇದೆ.

ಉತ್ತರ | ಶಾಸನಪ್ರಿಯ

ಮೇಡಂ, ತುಂಗಾತೀರ ಅವರು ಹೊಳಲಿನ ಶಾಸನವನ್ನು ಮುಂದಿಟ್ಟದ್ದು ಬಹಳ ಮುಖ್ಯ, ತರಗತಿಯಲ್ಲಿ ಅಲ್ಲಿಂದಲೇ ಆರಂಭಿಸಬಹುದು. ನನ್ನ ಸಲಹೆ ಹೀಗಿದೆ: “ವೇಸರ ಎಂಬ ಹೆಸರು ನಮ್ಮ ನಾಡಿನ ಶಿಲ್ಪಿಗಳಿಗೆ ತಿಳಿದಿದ್ದ ಹಳೆಯ ಹೆಸರು. ದಕ್ಷಿಣದ ಶಿಲ್ಪಗ್ರಂಥಗಳಲ್ಲಿ ಅದು ದುಂಡಾದ ಶಿಖರವನ್ನು ಸೂಚಿಸುತ್ತದೆ. ಇಂದಿನ ಪುಸ್ತಕಗಳು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ದ್ರಾವಿಡ ಪದ್ಧತಿಯಿಂದ ಬೆಳೆದು, ನಾಗರದ ಕೆಲವು ಗುಣಗಳನ್ನು ತನ್ನದಾಗಿಸಿಕೊಂಡ ಕರ್ನಾಟಕದ ಶೈಲಿಯನ್ನು ಆ ಹೆಸರಿನಿಂದ ಕರೆಯುತ್ತವೆ.” ಪರೀಕ್ಷೆಗೆ ಬೇಕಾದದ್ದು ಕೊನೆಯ ವಾಕ್ಯದಲ್ಲಿ ಇದೆ. ಬೆರೆತು ಹುಟ್ಟಿತು ಎನ್ನುವ ಬದಲು ತನ್ನದಾಗಿಸಿಕೊಂಡು ಬೆಳೆಯಿತು ಎಂದರೆ ಬಳಪದಕಲ್ಲು ಅವರು ವಿವರಿಸಿದ್ದಕ್ಕೂ ಭಂಗ ಬರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ತುಂಗಾತೀರ ಅವರಿಗಿಂತ ಸ್ವಲ್ಪ ಹಿಂದೆಯೇ ನಿಲ್ಲುತ್ತೇನೆ. ಬಮ್ಮೋಜನಿಗೆ ವೇಸರ ಗೊತ್ತಿತ್ತು ಎಂದು ಶಾಸನ ಹೇಳುತ್ತದೆ, ಆದರೆ ಇಟಗಿಯಂಥ ದೇವಾಲಯವನ್ನೇ ವೇಸರ ಎನ್ನುತ್ತಿದ್ದರು ಎಂದು ಅದು ಹೇಳುವುದಿಲ್ಲ. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದಾಗ ಅಲ್ಲಿನ ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿತು. ಕಟ್ಟಿಸಿದವರು ತಮ್ಮ ದೇವಾಲಯವನ್ನು ಹೊಗಳುವಾಗ ಆರಿಸಿಕೊಂಡದ್ದು ಇಂಥ ಮಾತುಗಳನ್ನು. ಜಾತಿಯ ಹೆಸರುಗಳು ಶಿಲ್ಪಿಯ ನೈಪುಣ್ಯವನ್ನು ಎಣಿಸುವಾಗ ಬರುತ್ತವೆ. ಒಂದೇ ಪದ ಗ್ರಂಥದಲ್ಲಿಯೂ ಶಿಲ್ಪಿಗಳ ನಡುವೆಯೂ ಬೇರೆ ಅರ್ಥದಲ್ಲಿ ಓಡಾಡಿರುವ ಸಾಧ್ಯತೆ ಇರುವುದರಿಂದ, ವೇಸರ ಎಂದು ಬರೆಯುವಾಗಲೆಲ್ಲ ಯಾವ ಅರ್ಥದಲ್ಲಿ ಎಂದು ಒಂದು ಮಾತು ಸೇರಿಸುವುದು ಒಳ್ಳೆಯದು. ಹೇಸರಗತ್ತೆಯ ಕಥೆಯನ್ನು ಮಾತ್ರ ಮಕ್ಕಳಿಗೆ ಹೆಸರಿನ ಮೂಲವೆಂದು ಹೇಳಬೇಡಿ. ಒಮ್ಮೆ ಕೇಳಿದವರು ಅದನ್ನು ಮರೆಯುವುದಿಲ್ಲ, ಉಳಿದದ್ದೆಲ್ಲವನ್ನೂ ಮರೆತುಬಿಡುತ್ತಾರೆ.

ಉತ್ತರ | ತುಂಗಾತೀರ

ಶಾಸನಪ್ರಿಯರ ಎಚ್ಚರಿಕೆಯ ಮಾತು ನ್ಯಾಯವಾದದ್ದೇ. ಹೊಳಲಿನ ಶಾಸನದಲ್ಲಿ ವೇಸರ ಒಂದು ಪದ್ಧತಿಯ ಹೆಸರು ಎಂಬ ನನ್ನ ಅಭಿಪ್ರಾಯವನ್ನು ಉಳಿಸಿಕೊಂಡೇ ಇದನ್ನು ಹೇಳುತ್ತಿದ್ದೇನೆ.

ಹೊಯ್ಸಳರ ಬಗ್ಗೆ ಚಿಕ್ಕದಾಗಿ ಬರೆಯುತ್ತೇನೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಇದೇ ಬೆಳವಣಿಗೆಯ ಮುಂದಿನ ಹಂತ. ಅದೇ ಬಳಪದ ಕಲ್ಲು, ಅದೇ ನಕ್ಷತ್ರಾಕಾರದ ತಲವಿನ್ಯಾಸ, ಅದೇ ಒತ್ತಿಕೊಂಡ ತಲಗಳು. ಆದ್ದರಿಂದ ಇಂದಿನ ಅರ್ಥದಲ್ಲಿ ಅವುಗಳನ್ನು ವೇಸರ ಎಂದವರನ್ನು ತಪ್ಪೆನ್ನಲಾಗದು. ಹೊಯ್ಸಳ ಶೈಲಿ ಎಂಬ ಹೆಸರು ರಾಜವಂಶದಿಂದ ಬಂದದ್ದು, ಚಾಲುಕ್ಯ ಶೈಲಿ ಎಂಬುದೂ ಹಾಗೆಯೇ. ಇಂಥ ಹೆಸರುಗಳು ಕಾಲವನ್ನು ಗುರುತಿಸಲು ಅನುಕೂಲವಾದರೂ ಅರಸರು ಬದಲಾದಾಗ ಶೈಲಿಯೂ ಬದಲಾಯಿತು ಎಂಬ ಭ್ರಮೆಯನ್ನು ಹುಟ್ಟಿಸುತ್ತವೆ. 1117ರಲ್ಲಿ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಆ ದೇವಾಲಯದ ಮದನಿಕೆಯರ ಕೆಳಗೆ ಸಹಿ ಹಾಕಿದವರಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಇದ್ದಾರೆ. ಬಳ್ಳಿಗಾವೆ ಆಗ ಚಾಲುಕ್ಯರ ಬನವಾಸಿ ನಾಡಿನ ಹೆಸರಾಂತ ಪಟ್ಟಣ. ಚಾಲುಕ್ಯರ ಸೀಮೆಯಲ್ಲಿ ಕೈ ಪಳಗಿಸಿಕೊಂಡವರು ಹೊಯ್ಸಳರ ರಾಜಧಾನಿಯಲ್ಲಿ ಉಳಿ ಹಿಡಿದರು. ಅವರು ಕಡೆದದ್ದನ್ನು ಯಾವ ವಂಶದ ಹೆಸರಿನಲ್ಲಿ ಬರೆದುಕೊಳ್ಳಬೇಕು ಎಂದು ನಿಮ್ಮ ವಿದ್ಯಾರ್ಥಿನಿಯನ್ನೇ ಕೇಳಿ ನೋಡಿ, ಅವಳ ಉತ್ತರವನ್ನು ಇಲ್ಲಿ ಬರೆಯಿರಿ.